ಒಂದು ಗುಟುಕು ನೀರಿಗೆ ಎಷ್ಟು ಸಾಲು

ನರಸಿಂಹರಾಜಪುರ
22 ಅಕ್ಟೋಬರ್ 2023

ಚಿ. ಕೃತಿಕಾಳಿಗೆ,

ನಿನ್ನ ದೊಡ್ಡಪ್ಪ ಸೋಮಶೇಖರಪ್ಪ ಬರೆಯುತ್ತಿದ್ದೇನೆ. ಹನ್ನೆರಡು ವರ್ಷದ ಮೇಲೆ ಈ ಅಕ್ಷರದ ಗುರುತು ಸಿಕ್ಕಿತೋ ಇಲ್ಲವೋ. ನೀನು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರಿಗೆ ಕೊಡುವ ರೇಡಿಯೇಷನ್ನಿನ ಲೆಕ್ಕ ಹಾಕುವ ಕೆಲಸದಲ್ಲಿದ್ದೀಯೆಂದು ಪಕ್ಕದ ಮನೆ ಸೀತಕ್ಕ ಹೇಳಿದಳು. ವಿಳಾಸವನ್ನೂ ಅವಳೇ ಎಲ್ಲಿಂದಲೋ ತಂದುಕೊಟ್ಟಳು. ಫೋನ್ ಮಾಡಬಹುದಿತ್ತು. ಆದರೆ ಈಗ ಹೆಚ್ಚು ಮಾತಾಡಿದರೆ ಗಂಟಲು ನೋಯುತ್ತದೆ. ಅದಲ್ಲದೆ ಮೂವತ್ತಾರು ವರ್ಷ ಸರ್ವೆ ಇಲಾಖೆಯಲ್ಲಿ ಜಮೀನು ಅಳೆದವನಿಗೆ ಕಾಗದದ ಮೇಲೆ ಇಲ್ಲದ ಮಾತಿನಲ್ಲಿ ನಂಬಿಕೆ ಕಡಿಮೆ.

ವಿಷಯ ಇಷ್ಟು. ನನ್ನ ಬಲಗಡೆಯ ಟಾನ್ಸಿಲ್‌ನಲ್ಲಿ ಕ್ಯಾನ್ಸರ್ ಇದೆ. ಕುತ್ತಿಗೆಯ ಬಲಕ್ಕೆ ನಿಂಬೆಹಣ್ಣಿಗಿಂತ ತುಸು ಚಿಕ್ಕದಾದ ಒಂದು ಗಂಟು. ಬೇರೆಲ್ಲೂ ಹರಡಿಲ್ಲವೆಂದು ಸ್ಕ್ಯಾನಿಂಗ್ ಹೇಳುತ್ತದೆ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಕಾಡಂಚಿನ ಸರ್ವೆಗೆ ಹೋಗುವಾಗ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಬಿಡಿಸಲು ಹೊಗೆಸೊಪ್ಪು ಇಟ್ಟುಕೊಳ್ಳುತ್ತಿದ್ದೆವು. ಕಾಲಿಗೆಂದು ಇಟ್ಟದ್ದು ಬಾಯಿಗೂ ಹೋಯಿತು, ಆಮೇಲೆ ಬೀಡಿಯೂ ಬಂತು. ಎಲ್ಲ ಬಿಟ್ಟು ಒಂಬತ್ತು ವರ್ಷವಾಯಿತು.

ಆಪರೇಷನ್ ಬೇಡ, ಏಳು ವಾರ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಕೀಮೋ ಎಂದು ಇಬ್ಬರು ಡಾಕ್ಟರು ಹೇಳಿದ್ದಾರೆ. ಅಲ್ಲಿಯ ತನಕ ಇಬ್ಬರದೂ ಒಂದೇ ಮಾತು. ಆಮೇಲೆ ದಾರಿ ಕವಲಾಗುತ್ತದೆ. ಹತ್ತಿರದ ಆಸ್ಪತ್ರೆಯಲ್ಲಿ ತ್ರೀಡಿ ಎನ್ನುವ ವಿಧಾನ, ಮುಂದಿನ ವಾರವೇ ಶುರು ಮಾಡಬಹುದು. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಐಎಂಆರ್‌ಟಿ ಎನ್ನುವುದಿದೆ, ಸರದಿ ಬರಲು ನಾಲ್ಕು ವಾರ. ಎರಡಕ್ಕೂ ವ್ಯತ್ಯಾಸವೇನು ಎಂದು ಕೇಳಿದ್ದಕ್ಕೆ ಒಬ್ಬರು "ಬಾಯಿ ಒಣಗೋದು ಸ್ವಲ್ಪ ಕಡಿಮೆ" ಎಂದರು. ಸ್ವಲ್ಪ ಎಂದರೆ ಎಷ್ಟು? ನಾನು ಕೇಳುವುದರೊಳಗೆ ಮುಂದಿನ ಹೆಸರು ಕರೆದಾಗಿತ್ತು.

ನನಗೆ ಈ ಬಾಯಿ ಒಣಗುವ ವಿಷಯವೇ ಮುಖ್ಯ. ನಿನ್ನ ದೊಡ್ಡಮ್ಮನಿಗೆ ಆರು ವರ್ಷದಿಂದ ಕಣ್ಣು ಕಾಣುವುದಿಲ್ಲ, ಗ್ಲಾಕೋಮಾ. ದಿನಾ ಬೆಳಿಗ್ಗೆ ನಾನು ಪೇಪರ್ ಗಟ್ಟಿಯಾಗಿ ಓದುತ್ತೇನೆ, ಅವಳು ಕೇಳುತ್ತಾಳೆ. ಟೀವಿ ಹಾಕೋಣವೆಂದರೆ "ಅದು ಕಿರುಚ್ತದೆ, ನೀವು ಓದಿ" ಎನ್ನುತ್ತಾಳೆ. ನಮಗೆ ಮಕ್ಕಳಿಲ್ಲ, ದಿನದಲ್ಲಿ ನಾವಿಬ್ಬರೂ ಸೇರಿ ಮಾಡುವ ದೊಡ್ಡ ಕೆಲಸವೆಂದರೆ ಇದೇ. ಮೊನ್ನೆ ಗಡಿಯಾರ ಇಟ್ಟು ನೋಡಿದೆ. ಮೊದಲ ಪುಟದಿಂದ ಸಂಪಾದಕೀಯದ ಕೊನೆಯ ತನಕ ನಲವತ್ತೆಂಟು ನಿಮಿಷ, ನಡುವೆ ಒಂದು ಗುಟುಕು ನೀರೂ ಕುಡಿಯಲಿಲ್ಲ. ಏಳು ವಾರದ ನಂತರ ಇದರಲ್ಲಿ ಎಷ್ಟು ಉಳಿಯುತ್ತದೆ? ಯಾವ ವಿಧಾನದಲ್ಲಿ ಎಷ್ಟು? ಕೊನೆಯಲ್ಲಿ ಪ್ರೋಟಾನ್ ಎಂಬುದರ ಬಗ್ಗೆ ಪೇಪರಿನಲ್ಲಿ ಬಂದ ತುಣುಕನ್ನೂ ಇಟ್ಟಿದ್ದೇನೆ, ಅದೇನು ಎಂದೂ ಬರೆ.

ನಿನ್ನಪ್ಪನಿಗೆ ತಿಳಿಸುವುದು ಬಿಡುವುದು ನಿನಗೆ ಸೇರಿದ್ದು. ತಿಳಿಸಬೇಡ ಎಂದು ನಾನು ಬರೆದಿಲ್ಲ, ಗಮನಿಸು.

ಇಂತು ನಿನ್ನ ದೊಡ್ಡಪ್ಪ,
ಸೋಮಶೇಖರಪ್ಪ


ಹುಬ್ಬಳ್ಳಿ
27 ಅಕ್ಟೋಬರ್ 2023

ದೊಡ್ಡಪ್ಪನವರಿಗೆ ನಮಸ್ಕಾರ.

ಅಕ್ಷರದ ಗುರುತು ಲಕೋಟೆಯ ಮೇಲೇ ಸಿಕ್ಕಿತು. ನೀವು ಏಳರ ಅಂಕಿ ಬರೆಯುವ ಹಾಗೆ ಬೇರೆ ಯಾರೂ ಬರೆಯುವುದಿಲ್ಲ. ಕಾಗದವನ್ನು ಮೂರು ಸಲ ಓದಿದೆ. ಅತ್ತುಬಿಟ್ಟೆ ಕೂಡ. ಆಮೇಲೆ ಮುಖ ತೊಳೆದು ಬಂದು ಲೆಕ್ಕದವಳ ಹಾಗೆ ಉತ್ತರ ಬರೆಯಲು ಕೂತಿದ್ದೇನೆ. ನಾನು ವೈದ್ಯೆ ಅಲ್ಲ. ಯಾವುದು ಮಾಡಿಸಿಕೊಳ್ಳಿ ಎಂದು ಹೇಳಲಾರೆ. ಯಾವುದು ಏನು ಎಂದು ಹೇಳಬಲ್ಲೆ.

ಕಿವಿಯ ಕೆಳಗೆ, ದವಡೆಯ ಮೂಲೆಯ ಹಿಂದೆ ಬೆರಳಿಟ್ಟು ನೋಡಿ. ಅಲ್ಲಿ ಎರಡೂ ಕಡೆ ಒಂದೊಂದು ಜೊಲ್ಲಿನ ಗ್ರಂಥಿ ಇದೆ. ಊಟ ಮಾಡುವಾಗ ಬಾಯಿ ಒದ್ದೆಯಾಗುವುದು ಹೆಚ್ಚಾಗಿ ಅವುಗಳಿಂದ. ತೀರಾ ಹಳೆಯ ವಿಧಾನದಲ್ಲಿ ಕುತ್ತಿಗೆಯ ಎಡಬಲಗಳಿಂದ ಎರಡು ಚೌಕದ ಕಿಟಕಿ ತೆರೆದು ಕಿರಣ ಬಿಡುತ್ತಿದ್ದರು. ನಡುವೆ ಸಿಕ್ಕಿದ್ದಕ್ಕೆಲ್ಲ ಒಂದೇ ಪಾಲು. ತ್ರೀಡಿಯಲ್ಲಿ ಸ್ಕ್ಯಾನ್ ನೋಡಿಕೊಂಡು ಪ್ರತಿ ದಿಕ್ಕಿನ ಕಿಟಕಿಯನ್ನೂ ರೋಗದ ಆಕಾರಕ್ಕೆ ಕತ್ತರಿಸುತ್ತೇವೆ. ಆದರೆ ಕಿಟಕಿಯೊಳಗಿನ ಬೆಳಕು ಎಲ್ಲ ಕಡೆ ಒಂದೇ ಸಮ. ನಿಮ್ಮ ರೋಗ ಗಂಟಲಿನ ಸುತ್ತ ಬಾಗಿಕೊಂಡಿದೆ, ಕುತ್ತಿಗೆಯ ಎರಡೂ ಬದಿಗೆ ಕೊಡಬೇಕು. ಹಾಗಾಗಿ ಗ್ರಂಥಿಗಳು ತಪ್ಪಿಸಿಕೊಳ್ಳುವುದು ಕಷ್ಟ.

ಐಎಂಆರ್‌ಟಿಯಲ್ಲಿ ಏಳೋ ಒಂಬತ್ತೋ ದಿಕ್ಕಿನಿಂದ ಬರುತ್ತೇವೆ. ಕಿಟಕಿಯಲ್ಲಿ ಸಣ್ಣ ಸಣ್ಣ ಲೋಹದ ಪಟ್ಟಿಗಳಿವೆ. ಕಿರಣ ಹೋಗುತ್ತಿರುವಾಗಲೇ ಅವು ಸರಿಯುತ್ತವೆ. ಗದ್ದೆಗೆ ನೀರು ಬಿಟ್ಟು ಒಂದೊಂದೇ ಮಡೆ ಕಟ್ಟುತ್ತಾ ಬಿಚ್ಚುತ್ತಾ ಹೋದ ಹಾಗೆ. ಒಂದು ಮೂಲೆಗೆ ಮೊಣಕಾಲುದ್ದ, ಪಕ್ಕದ ಮೂಲೆಗೆ ಬರೀ ತೇವ. ಎಡಗಡೆಯ ಗ್ರಂಥಿಯನ್ನು ಹೀಗೆ ಬಹುಮಟ್ಟಿಗೆ ಉಳಿಸಬಹುದು. ಇದನ್ನೇ ಯಂತ್ರ ಸುತ್ತು ತಿರುಗುತ್ತಲೇ ಮಾಡಿದರೆ ವಿಮ್ಯಾಟ್ ಎನ್ನುತ್ತಾರೆ, ಹದಿನೈದು ನಿಮಿಷದ ಕೆಲಸ ಮೂರ್ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ.

ರೋಗ ವಾಸಿಯಾಗುವ ಸಾಧ್ಯತೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಇದನ್ನು ಮರೆಯಬೇಡಿ. ವ್ಯತ್ಯಾಸ ಇರುವುದು ಆಮೇಲಿನ ಬದುಕಿನಲ್ಲಿ. ವಿದೇಶದಲ್ಲಿ ಎರಡು ಗುಂಪು ಮಾಡಿ ಹೋಲಿಸಿದಾಗ, ವರ್ಷದ ಮೇಲೂ ಬಾಯಿ ಒಣಗಿ ಕಷ್ಟಪಡುತ್ತಿದ್ದವರು ಹಳೆ ವಿಧಾನದಲ್ಲಿ ನೂರಕ್ಕೆ ಎಪ್ಪತ್ತನಾಲ್ಕು, ಹೊಸದರಲ್ಲಿ ಮೂವತ್ತೆಂಟು. "ಸ್ವಲ್ಪ" ಎಂದರೆ ಇಷ್ಟು. ಪ್ರೋಟಾನ್ ಇನ್ನೊಂದು ಹೆಜ್ಜೆ ಮುಂದಿನದು, ಪೇಪರಿನಲ್ಲಿ ಬಂದದ್ದು ಸುಳ್ಳಲ್ಲ. ಆದರೆ ನಿಮ್ಮಂಥವರಿಗೆ ಅದರಿಂದ ಎಷ್ಟು ಹೆಚ್ಚು ಲಾಭ ಎಂದು ಇನ್ನೂ ಅಳೆಯುತ್ತಿದ್ದಾರೆ.

ಕಾಯುವುದರಲ್ಲೂ ಅಪಾಯವಿದೆ. ನಾಲ್ಕು ವಾರ ತಡೆಯಬಹುದೇ ಎಂದು ಡಾಕ್ಟರನ್ನೇ ನೇರ ಕೇಳಿ. ಹೆಸರು ಕರೆದರೂ ಕುರ್ಚಿ ಬಿಡಬೇಡಿ. ಇನ್ನೊಂದು ಮಾತು: ಹೊಸ ವಿಧಾನದ ಗೆರೆ ಬಹಳ ಸೂಕ್ಷ್ಮ. ಅದಕ್ಕೆ ಹೆಚ್ಚು ಶಿಸ್ತು ಬೇಕು.

ಅಪ್ಪನಿಗೆ ಇನ್ನೂ ಹೇಳಿಲ್ಲ. ದೀಪಾವಳಿಗೆ ಹೋಗುತ್ತೇನೆ.

ಕೃತಿಕಾ


ನರಸಿಂಹರಾಜಪುರ
3 ನವೆಂಬರ್ 2023

ಚಿ. ಕೃತಿಕಾಳಿಗೆ,

ಕುರ್ಚಿ ಬಿಡಲಿಲ್ಲ. ಡಾಕ್ಟರು ನಕ್ಕು, ನವೆಂಬರ್ ಇಪ್ಪತ್ತರ ತನಕ ಕಾಯಬಹುದು, ಅದಕ್ಕಿಂತ ಮುಂದೆ ಬೇಡ ಎಂದರು. ಘಟ್ಟದ ಕೆಳಗಿನ ಆಸ್ಪತ್ರೆಯೇ ಎಂದು ತೀರ್ಮಾನಿಸಿದ್ದೇನೆ. ರೇಡಿಯೇಷನ್ ಆದ ದವಡೆಯಲ್ಲಿ ಹಲ್ಲು ಕೀಳಿಸಿದರೆ ಗಾಯ ಮಾಯುವುದಿಲ್ಲವಂತೆ, ಅದಕ್ಕೆ ಹುಳುಕಾದ ಎರಡನ್ನು ಈಗಲೇ ಕಿತ್ತಿದ್ದಾರೆ.

ನಿನ್ನ ಮಡೆಯ ವಿವರಣೆ ಓದಿ ನನಗೆ ಭದ್ರಾ ಹಿನ್ನೀರು ನೆನಪಾಯಿತು. ನನಗೆ ಕೆಲಸ ಕಲಿಸಿದ ಹಿರಿಯ ಸರ್ವೆಯರು ಹೇಳುತ್ತಿದ್ದರು: ಮುಳುಗಡೆಯ ಗೆರೆಯನ್ನು ನೇರ ಎಳೆದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಒಣ ನೆಲವೂ ನೀರಿನ ಲೆಕ್ಕಕ್ಕೆ ಹೋಗುತ್ತದೆ. ಮಟ್ಟ ಹಿಡಿದು ಒಂದೊಂದು ತಿರುವಿಗೂ ಗೆರೆ ಬಾಗಿಸಿದರೆ ಒಬ್ಬನ ಅಂಗಳ ಉಳಿಯುತ್ತದೆ. ಆದರೆ ಆ ಅಂಗಳದವನು ಮಳೆಗಾಲವಿಡೀ ನೀರಿನ ಮೇಲೆ ಕಣ್ಣಿಟ್ಟಿರಬೇಕು. ನೀನು ಶಿಸ್ತು ಅಂದದ್ದು ಇದನ್ನೇ ತಾನೆ?

ನಿನ್ನ ದೊಡ್ಡಮ್ಮ ಹರಕೆ ಹೊತ್ತಿದ್ದಾಳೆ. ಕುತ್ತಿಗೆಯ ಗಂಟು ಕರಗಿದ ದಿನ ಮನೆದೇವರಿಗೆ ನನ್ನ ಮುಡಿ ಕೊಡುವುದು, ಅಲ್ಲಿಯ ತನಕ ತಲೆಗೂ ಗಡ್ಡಕ್ಕೂ ಕತ್ತರಿ ತಾಗಿಸುವ ಹಾಗಿಲ್ಲ. ಈಗಲೇ ಬಸ್ಸಿನಲ್ಲಿ ಯಾರೋ ಕಾಲು ಮುಟ್ಟಿ ನಮಸ್ಕರಿಸಿದರು. "ಸ್ವಾಮಿಗಳು ಯಾವ ಮಠದವರು?" ಎಂದು ಕೇಳಿದರು. ಸರ್ವೆ ಮಠ ಅಂದೆ.

ನಿನ್ನಪ್ಪ ನಮ್ಮ ಜಗಳದ ಕಥೆಯನ್ನು ನಿನಗೆ ಹೇಗೆ ಹೇಳಿದ್ದಾನೋ ಗೊತ್ತಿಲ್ಲ. ನಾನು ಹೇಳುವುದು ಇದು. ಬಾಳಗಡಿಯಲ್ಲಿ ಅವನ ಜಮೀನಿಗೂ ಪಕ್ಕದ ಬೂತಪ್ಪನ ಜಮೀನಿಗೂ ನಡುವಿನ ಗಡಿ ಅಳೆಯುವ ಸರದಿ ನನಗೆ ಬಂತು. ತಮ್ಮನ ಜಮೀನು, ಬೇರೆಯವರಿಗೆ ಬಿಡು ಎಂದು ಆಫೀಸಿನಲ್ಲಿ ಹೇಳಿದರು. ನಾನು ಬಿಡಲಿಲ್ಲ. ಗೆರೆ ಎರಡು ಆಣೆ, ಅಂದರೆ ನಾಲ್ಕು ಅಡಿ, ಅವನ ಕಡೆಗೆ ಸರಿಯಿತು. ಬಾವಿ ಬೂತಪ್ಪನಿಗೆ ಹೋಯಿತು. "ಇನ್ನೊಂದ್ಸಲ ಅಳಿ" ಎಂದ ನಿನ್ನಪ್ಪ ತ್ರ್ಯಂಬಕ. "ನಾನು ಒಂದೇ ಸಲ ಅಳೆಯೋದು" ಎಂದೆ. ನಾವಿಬ್ಬರೂ ಆಡಿದ ಕೊನೆಯ ಮಾತು ಅದು.

ದೊಡ್ಡಪ್ಪ


ಬಾಳಗಡಿ
14 ನವೆಂಬರ್ 2023

ದೊಡ್ಡಪ್ಪ,

ಹಬ್ಬದ ನಡುವೆ ನಿನ್ನೆ ಅಪ್ಪನಿಗೆ ಹೇಳಿದೆ. "ಹೌದಾ" ಅಂದರು. ಎದ್ದು ಹೋಗಿ ಅಂಗಡಿಯ ಶಟರ್ ಎಳೆದರು. ಕಾಲೇಜು ಬಿಡುವ ಹೊತ್ತು, ಜೆರಾಕ್ಸಿಗೆ ಆರು ಜನ ನಿಂತಿದ್ದರು. ಮಧ್ಯಾಹ್ನ ಮೂರಕ್ಕೆ ಅಪ್ಪ ಅಂಗಡಿ ಮುಚ್ಚಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಸಂಜೆ ಕೇಳಿದ್ದು ಒಂದೇ ಪ್ರಶ್ನೆ: "ಅವ ಅಲ್ಲಿ ಏಳು ವಾರ ಇದ್ರೆ ಇಲ್ಲಿ ಅತ್ತಿಗೆಗೆ ಪೇಪರ್ ಓದೋರ್ಯಾರು?"

ನೀವು ಓದುತ್ತೀರೆಂದು ಅವರಿಗೆ ಹೇಗೆ ಗೊತ್ತೋ, ನಾನು ಹೇಳಿರಲಿಲ್ಲ.

ಕೃತಿಕಾ


ಘಟ್ಟದ ಕೆಳಗಿನಿಂದ
26 ನವೆಂಬರ್ 2023

ಚಿ. ಕೃತಿಕಾಳಿಗೆ,

ಐದು ಸಲ ಆಯಿತು, ಮೂವತ್ತು ಬಾಕಿ. ಆಸ್ಪತ್ರೆಯ ಹಿಂದಿನ ಧರ್ಮಶಾಲೆಯಲ್ಲಿ ರೂಮು. ಇಲ್ಲಿ ಎಲ್ಲರೂ ಇದನ್ನು "ಕರೆಂಟ್ ಕೊಡೋದು" ಅನ್ನುತ್ತಾರೆ. ಪಕ್ಕದ ಹಾಸಿಗೆಯ ಮುದುಕರು ಮೊದಲ ದಿನ ಕೇಳಿದರು: "ನಿಮ್ಗೆ ಎಷ್ಟು ಕರೆಂಟು?" ಮೂವತ್ತೈದು ಅಂದೆ. "ನಂಗೂ ಅಷ್ಟೇ. ಬಿಲ್ ಬರದಿದ್ರೆ ಸಾಕು" ಅಂದರು.

ಮುಖಕ್ಕೆ ಅಚ್ಚು ತೆಗೆದದ್ದು ನೋಡಬೇಕಿತ್ತು ನೀನು. ನೋಡಿಯೇ ಇರುತ್ತೀಯ, ಆದರೆ ಒಳಗಿನಿಂದ ನೋಡಿರಲಾರೆ. ಜಾಲರಿಯಂಥ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆದರು. ಅಕ್ಕಿಹಿಟ್ಟಿನ ಬಿಸಿ ಒತ್ರೊಟ್ಟಿ ಹೊದಿಸಿದ ಹಾಗಾಯಿತು. ಐದು ನಿಮಿಷದಲ್ಲಿ ಗಟ್ಟಿಯಾಯಿತು. ಈಗ ದಿನಾ ಅದನ್ನು ಹಾಕಿ ಹಲಗೆಗೆ ಬಿಗಿದರೆ ರೆಪ್ಪೆ ಬಿಟ್ಟು ಏನೂ ಅಲ್ಲಾಡುವುದಿಲ್ಲ. ಟೆಕ್ನಿಷಿಯನ್ ಶ್ರೀಕಾಂತ ಎಂಬ ಹುಡುಗ, ಒಳ್ಳೆಯವನು. ಅಚ್ಚು ತೆಗೆಯುವ ಮೊದಲೇ ಹೇಳಿದ: "ಗಡ್ಡ ತೆಗೆಯೋದಾದ್ರೆ ಈಗ್ಲೇ ತೆಗೀರಿ. ಇಲ್ಲಾಂದ್ರೆ ಕೊನೆ ತನಕ ಹೀಗೇ ಇರ್ಲಿ." ಹರಕೆ ಇದೆಯಲ್ಲ, ಇರಲಿ ಎಂದೆ.

ಡಾಕ್ಟರಮ್ಮನ ಹತ್ತಿರ ಕೇಳಿಕೊಂಡು ನನ್ನ ನಕ್ಷೆಯನ್ನೂ ನೋಡಿದೆ. ಸರ್ವೆಯರು ಅಂದದ್ದಕ್ಕೆ ಹತ್ತು ನಿಮಿಷ ಕೊಟ್ಟರು. ರೋಗಕ್ಕೆ ಕೆಂಪು ಗೆರೆ. ಅದರ ಸುತ್ತ ಐದು ಮಿಲಿಮೀಟರ್ ಬಿಟ್ಟು ಇನ್ನೊಂದು ಗೆರೆ. ಅದೇಕೆ, ರೋಗ ಅಲ್ಲಿಲ್ಲವಲ್ಲ ಎಂದೆ. "ಅದು ಮಾರ್ಜಿನ್. ನೀವು ದಿನಾ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮಲಗೋಕಾಗಲ್ಲ. ನಾವೂ ಕೂದಲೆಳೆಯಷ್ಟೂ ತಪ್ಪಿಲ್ಲದೆ ಅಳೆಯೋಕಾಗಲ್ಲ. ಆ ತಪ್ಪಿಗೆ ಅಂತ ಬಿಟ್ಟ ಜಾಗ" ಎಂದರು. ಇಷ್ಟು ದೊಡ್ಡ ಯಂತ್ರದವರು ತಮ್ಮ ತಪ್ಪಿಗೆ ಮೊದಲೇ ಜಾಗ ಬಿಟ್ಟಿಟ್ಟಿದ್ದಾರೆ! ಅಷ್ಟಾಗಿಯೂ ಕಿರಣ ಬಿಡುವ ಮೊದಲು ಒಂದು ಚಿತ್ರ ತೆಗೆದು ನಕ್ಷೆಗೆ ತಾಳೆ ನೋಡುತ್ತಾರೆ. ನಿನ್ನೆ ನೋಡಿದ್ದನ್ನು ಇವತ್ತು ಮತ್ತೆ ನೋಡುತ್ತಾರೆ. ನಾನು ಈ ಬಗ್ಗೆ ಬಹಳ ಹೊತ್ತು ಯೋಚಿಸಿದೆ.

ಒಂದು ಒಗಟು. ದೊಡ್ಡಮ್ಮನಿಗೆ ಪೇಪರ್ ಓದಲು ಸೀತಕ್ಕನಿಗೆ ಹೇಳಿ ಬಂದಿದ್ದೆ. ಸೀತಕ್ಕ ಓದುವುದು ರಾಶಿಭವಿಷ್ಯ ಮತ್ತು ನಿಧನ ವಾರ್ತೆ, ಅಷ್ಟೇ. ಆದರೆ ನಿನ್ನೆ ಫೋನಿನಲ್ಲಿ ದೊಡ್ಡಮ್ಮ ಏಳನೇ ಪುಟದ ಕಾಳುಮೆಣಸಿನ ಆಮದಿನ ಸುದ್ದಿ ಹೇಳಿದಳು. ಸಂಪಾದಕೀಯ ತಪ್ಪೆಂದೂ ವಾದಿಸಿದಳು. ಯಾರು ಓದಿದ್ದು ಎಂದರೆ "ಯಾರೋ ಓದ್ತಾರೆ, ನೀವು ಬಾಯಿ ನೋಯಿಸ್ಕೋಬೇಡಿ" ಎಂದು ಇಟ್ಟುಬಿಟ್ಟಳು.

ದೊಡ್ಡಪ್ಪ


ಘಟ್ಟದ ಕೆಳಗಿನಿಂದ
12 ಡಿಸೆಂಬರ್ 2023

ಚಿ. ಕೃತಿಕಾಳಿಗೆ,

ಒಂದು ತಪ್ಪು ಮಾಡಿದ್ದೇನೆ. ಆದ ಕ್ರಮದಲ್ಲೇ ಬರೆಯುತ್ತೇನೆ.

ಹದಿನೈದನೆಯದು ಮುಗಿಸಿ ಶನಿವಾರ ಊರಿಗೆ ಹೋದೆ. ಗಂಟಲಲ್ಲಿ ಹುಣ್ಣು, ಗಂಜಿ ಮಾತ್ರ ಇಳಿಯುತ್ತದೆ. ಮನೆಯೊಳಗೆ ಕಾಲಿಡುತ್ತಲೇ ದೊಡ್ಡಮ್ಮ ಕುತ್ತಿಗೆ ಹುಡುಕಿದಳು. ಕಿವಿಯಿಂದ ಕೆಳಗೆ ಬೆರಳು ಇಳಿಸಿದಳು, ಮತ್ತೆ ಇಳಿಸಿದಳು. "ಎಲ್ಲಿ ಹೋಯ್ತು?" ಎಂದಳು. ಗಂಟು ನಿಜವಾಗಿಯೂ ಸಿಗುತ್ತಿರಲಿಲ್ಲ. ಜುಲೈಯಲ್ಲಿ ಈ ಗಂಟು ಕೈಗೆ ಸಿಕ್ಕಿದ ದಿನದಿಂದ ಅವಳು ನಕ್ಕಿರಲಿಲ್ಲ. ಅವತ್ತು ನಕ್ಕಳು. "ಹರಕೆ ತೀರ್ತು. ನಾಳೆ ಭಾನುವಾರ, ಹೋಗಿ ಮುಡಿ ಕೊಟ್ಟು ಬರಣ" ಎಂದಳು.

ಶ್ರೀಕಾಂತ ಹೇಳಿದ್ದು ನನಗೆ ನೆನಪಿತ್ತು, ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಹೇಳಬೇಕು ಎನ್ನಿಸಿತು. ಅವಳು ಆಗಲೇ ಸೀತಕ್ಕನನ್ನು ಕರೆದು ಗಂಟು ಕರಗಿದ ಸುದ್ದಿ ಹೇಳುತ್ತಿದ್ದಳು. ನಾನು ಬಾಯಿ ತೆರೆಯಲಿಲ್ಲ. ಭಾನುವಾರ ಮನೆದೇವರ ಎದುರು ತಲೆ, ಗಡ್ಡ ಎರಡೂ ನುಣ್ಣಗಾದವು.

ಬಸ್ಸಿಗೆ ಚಳಿಯೆಂದು ದೊಡ್ಡಮ್ಮ ಮಂಕಿ ಕ್ಯಾಪ್ ಹಾಕಿಸಿದ್ದಳು. ಸೋಮವಾರ ಬೆಳಿಗ್ಗೆ ಅದನ್ನು ತೆಗೆಯದೆ ಮಲಗಿದರೆ ಕೂದಲಿನ ಜಾಗ ತುಂಬೀತು ಎಂದು ನಾನು ಲೆಕ್ಕ ಹಾಕಿದ್ದೆ, ನಗಬೇಡ. ಶ್ರೀಕಾಂತ ಕ್ಯಾಪ್ ಎಳೆದ. "ಎಂತ ಮಾರಾಯ್ರೆ ಇದು! ತಲೆಯೇ ಬದಲಾಯಿಸ್ಕೊಂಡು ಬಂದಿದ್ದೀರಲ್ಲ!" ಎಂದ. ಅಚ್ಚು ಹಾಕಿ ನೋಡಿದರು. ಅದರೊಳಗೆ ನನ್ನ ಗದ್ದ ಅತ್ತಿತ್ತ ಆಡುತ್ತಿತ್ತು. ಚಿತ್ರ ತೆಗೆದರು. ಏಳು ಮಿಲಿಮೀಟರ್ ಸರಿದಿತ್ತು. ಕಿರಣ ಬಿಡಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ಪರದೆಯ ಮೇಲೆ ತೋರಿಸಿದರು: ಬಿಟ್ಟಿದ್ದರೆ ಏನಾಗುತ್ತಿತ್ತು. ರೋಗದ ಒಂದು ಅಂಚು ಗೆರೆಯ ಹೊರಗೆ. ಇಷ್ಟು ದಿನ ಕಾಯ್ದುಕೊಂಡು ಬಂದ ಎಡಗಡೆಯ ಗ್ರಂಥಿ ಗೆರೆಯ ಒಳಕ್ಕೆ. ಅಂಗಳಕ್ಕೆ ನೀರು. ತ್ರೀಡಿ ಆಗಿದ್ದರೆ ಎಂದೆ. "ಇಷ್ಟು ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದರ ಕಿಟಕಿಯೇ ದೊಡ್ಡದು. ಆದರೆ ಗ್ರಂಥಿಯೂ ಮೊದಲ ದಿನದಿಂದಲೇ ಅದರೊಳಗೇ ಇರುತ್ತಿತ್ತು" ಎಂದರು.

ಹೊಸ ಅಚ್ಚು, ಹೊಸ ಸ್ಕ್ಯಾನ್, ಹೊಸ ನಕ್ಷೆ. ಮೂರು ದಿನ ನಷ್ಟ. ಈ ರೋಗದಲ್ಲಿ ನಡುವೆ ಬಿಟ್ಟ ದಿನಗಳು ರೋಗಕ್ಕೆ ಲಾಭವಂತೆ. ನನ್ನಿಂದಾಗಿ ಬೇರೆ ಯಾರದೋ ಸರದಿಯೂ ಹಿಂದೆ ಹೋಯಿತು. ಹದಿನೈದು ದಿನ ಕೊಟ್ಟದ್ದೆಲ್ಲ ಹಾಳಾಯಿತೇ? ನಿನಗೆ ಗೊತ್ತಿದ್ದರೆ ಮುಚ್ಚಿಡದೆ ಬರೆ.

ದೊಡ್ಡಮ್ಮನಿಗೆ ಇದ್ಯಾವುದನ್ನೂ ಹೇಳಿಲ್ಲ. ಹೇಳಬೇಡ.

ದೊಡ್ಡಪ್ಪ


ಹುಬ್ಬಳ್ಳಿ
16 ಡಿಸೆಂಬರ್ 2023

ದೊಡ್ಡಪ್ಪ,

ಹಾಳಾಗಿಲ್ಲ. ಕೊಟ್ಟದ್ದು ಕೊಟ್ಟ ಹಾಗೇ ಇದೆ. ಹೋದ ದಿನಗಳನ್ನು ತುಂಬಲು ಕೆಲವು ದಿನ ಎರಡು ಸಲ ಕೊಡುತ್ತಾರೆ, ನಡುವೆ ಆರು ಗಂಟೆಯಾದರೂ ಬಿಟ್ಟು. ಹುಣ್ಣು ಹೆಚ್ಚಾಗಬಹುದು. ತಡೆದುಕೊಳ್ಳಿ. ಆ ಚಿತ್ರ ತೆಗೆಯುವುದೇ ಇಂಥ ದಿನಕ್ಕೆಂದು.

ತಪ್ಪು ನನ್ನದೂ ಇದೆ. ಹರಕೆಯ ಸಂಗತಿ ನವೆಂಬರಿನಲ್ಲೇ ಬರೆದಿದ್ದಿರಿ. ಓದಿ ನಕ್ಕೆ. ದಿನಾ ಇದೇ ಕೆಲಸ ಮಾಡುವವಳಿಗೆ ಅಚ್ಚು ನೆನಪಾಗಲಿಲ್ಲ, ಮನೆಯ ಕಾಗದ ಎಂದು ಓದಿದೆ.

ಒಗಟಿಗೆ ಉತ್ತರ ಗೊತ್ತಾಗಿದೆ. ಅಮ್ಮ ಹೇಳಿದರು. ಅಪ್ಪ ಬೆಳಗಿನ ಮೊದಲ ಬಸ್ಸಿಗೆ ಬಾಳಗಡಿಯ ಪಕ್ಕದ ಕೊಪ್ಪದಿಂದ ಹೊರಟು ಎನ್.ಆರ್. ಪುರದ ನಿಮ್ಮ ಮನೆಗೆ ಬಂದು ಓದುತ್ತಾರಂತೆ. ಹತ್ತಕ್ಕೆ ವಾಪಸ್ ಬಂದು ಅಂಗಡಿ ತೆರೆಯುತ್ತಾರೆ. ನವೆಂಬರ್ ಇಪ್ಪತ್ತರಿಂದ ಒಂದು ದಿನವೂ ತಪ್ಪಿಲ್ಲ, ನೀವು ಊರಿಗೆ ಬರುವ ಶನಿವಾರ ಭಾನುವಾರ ಬಿಟ್ಟು. ದೊಡ್ಡಮ್ಮನಿಗೆ ಆಣೆ ಹಾಕಿಸಿದ್ದಾರಂತೆ, ನಿಮಗೆ ಹೇಳಬಾರದೆಂದು. ನನಗೆ ಯಾರೂ ಆಣೆ ಹಾಕಿಸಿಲ್ಲ.

ಕೃತಿಕಾ


ಘಟ್ಟದ ಕೆಳಗಿನಿಂದ
10 ಜನವರಿ 2024

ಚಿ. ಕೃತಿಕಾಳಿಗೆ,

ನಿನ್ನೆ ಮುಗಿಯಿತು. ಮೂವತ್ತೈದೂ ಆಯಿತು. ಸ್ವರ ಇಲ್ಲ. ಶ್ರೀಕಾಂತನಿಗೆ ಚೀಟಿಯಲ್ಲಿ ಬರೆದು ಥ್ಯಾಂಕ್ಸ್ ಹೇಳಿದೆ. ಹಳೆಯ ಅಚ್ಚನ್ನೂ ಹೊಸದನ್ನೂ ನನಗೇ ಕೊಟ್ಟ. "ಎರಡು ತಲೆ ಇದ್ದ ಪೇಷಂಟ್ ನೀವೊಬ್ರೇ" ಎಂದ.

ಜೊತೆಗಿರುವ ಲಕೋಟೆ ನಿನ್ನಪ್ಪನಿಗೆ. ಅಂಟಿಸಿಲ್ಲ, ನೀನು ಓದಬಹುದು. ಆ ದಿನ ಬಾಳಗಡಿಯಲ್ಲಿ ಅಳೆಯುವ ಮೊದಲು ನಾನು ಸರಪಳಿಯನ್ನು ಪರೀಕ್ಷೆ ಮಾಡಿರಲಿಲ್ಲ. ಬಹಳ ಎಳೆದಾಡಿದ ಸರಪಳಿ ಉದ್ದವಾಗುತ್ತದೆ, ಬೆಳಿಗ್ಗೆ ಅಳತೆಗಲ್ಲಿಗೆ ಹಿಡಿದು ನೋಡಬೇಕೆಂಬುದು ನಿಯಮ. ಗೆರೆ ಸರಿಯೇ ಇದ್ದಿರಬಹುದು, ಇಲ್ಲದೆಯೂ ಇರಬಹುದು. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬ ಮಾತನ್ನು ಬರೆದು ಸಹಿ ಹಾಕಿದ್ದೇನೆ. ಮರು ಅಳತೆಗೆ ಅರ್ಜಿ ಕೊಡುವುದಾದರೆ ಅದು ಉಪಯೋಗಕ್ಕೆ ಬಂದೀತು.

ದೊಡ್ಡಪ್ಪ


ಹುಬ್ಬಳ್ಳಿ
2 ಫೆಬ್ರವರಿ 2024

ದೊಡ್ಡಪ್ಪ,

ಕೊಟ್ಟೆ. ಅಪ್ಪ ಓದಿ ಮಡಿಸಿ ಅಂಗಡಿಯ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದಾರೆ. ಅರ್ಜಿಯ ಮಾತು ಎತ್ತಿಲ್ಲ. ನೀವು ಊರಿಗೆ ಬಂದ ಮೇಲೆ ಬೆಳಗಿನ ಬಸ್ಸನ್ನೂ ನಿಲ್ಲಿಸಿದ್ದಾರೆ. ಇದಕ್ಕೆ ಏನು ಅರ್ಥವೋ ನನಗೆ ಗೊತ್ತಿಲ್ಲ, ನಾನು ಬರೆದಿಡುತ್ತೇನೆ ಅಷ್ಟೇ.

ಬಾಯಿಯ ವ್ಯಾಯಾಮ ಬಿಡಬೇಡಿ. ನೀರಿನ ಲೋಟ ಕೈಗೆ ಸಿಗುವ ಕಡೆ ಇರಲಿ.

ಕೃತಿಕಾ


ನರಸಿಂಹರಾಜಪುರ
21 ಏಪ್ರಿಲ್ 2024

ಚಿ. ಕೃತಿಕಾಳಿಗೆ,

ಮೊದಲು ವರದಿ. ಹನ್ನೆರಡು ವಾರದ ಸ್ಕ್ಯಾನಿನಲ್ಲಿ ರೋಗದ ಗುರುತಿಲ್ಲ. ಟಾನ್ಸಿಲ್‌ನಲ್ಲೂ ಇಲ್ಲ, ಕುತ್ತಿಗೆಯಲ್ಲೂ ಇಲ್ಲ. ಐದು ವರ್ಷ ನೋಡುತ್ತಲೇ ಇರಬೇಕು ಎಂದರು.

ಈಗ ಅಳತೆ. ಫೆಬ್ರವರಿಯಲ್ಲಿ ಸ್ವರ ಬಂತು. ಆಗ ಒಂದು ಗುಟುಕು ನೀರಿಗೆ ಪೇಪರಿನ ಎರಡು ಸಾಲು. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ದೊಡ್ಡಮ್ಮ "ಸಾಕು, ತಲೆಬರಹ ಮಾತ್ರ ಓದಿ" ಎನ್ನುತ್ತಿದ್ದಳು. ಮಾರ್ಚ್ ಕೊನೆಗೆ ಆರು ಸಾಲು. ಈಗ ಹನ್ನೊಂದು. ಎಡಗಡೆಯ ಗ್ರಂಥಿ ಕೆಲಸ ಮಾಡುತ್ತಿದೆ, ಬಲಗಡೆಯದು ಇಲ್ಲ. ಉಪ್ಪಿನಕಾಯಿ ನೆನೆದರೆ ಒಂದೇ ಕಡೆ ಬಾಯಿ ಒದ್ದೆಯಾಗುತ್ತದೆ. ವರ್ಷದ ತನಕ ಸುಧಾರಿಸುತ್ತ ಹೋಗಬಹುದಂತೆ. ನೀನು ಬರೆದ, ನೂರಕ್ಕೆ ಬಾಯಿ ಒಣಗಿದ ಆ ಮೂವತ್ತೆಂಟು ಜನರಲ್ಲಿ ನಾನು ಇದ್ದೇನೋ ಇಲ್ಲವೋ ಆಗ ಗೊತ್ತಾಗುತ್ತದೆ.

ಇವತ್ತಿನ ಬೆಳಗಿನದನ್ನು ಬರೆಯಲೆಂದೇ ಈ ಕಾಗದ. ಆರೂಮುಕ್ಕಾಲಿಗೆ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟ ಸದ್ದಾಯಿತು. ದೊಡ್ಡಮ್ಮ ಸದ್ದಿನಲ್ಲೇ ಗುರುತು ಹಿಡಿದಳು. "ತ್ರ್ಯಂಬಕ, ಎಷ್ಟು ದಿನ ಆಯ್ತು ಮಾರಾಯ! ಬಾ, ಕೂತ್ಕೋ. ಇವರು ಓದಿ ಓದಿ ನೀರೇ ಕುಡೀತಾರೆ, ಸುದ್ದಿ ಮುಂದೆ ಹೋಗೋದೇ ಇಲ್ಲ" ಎಂದಳು. ಅವನು ಕೂತ. ನನ್ನ ಕಡೆ ನೋಡಲಿಲ್ಲ. ತಲೆ ಪೂರಾ ಬೆಳ್ಳಗಾಗಿದೆ, ನೀನು ಹೇಳಿರಲಿಲ್ಲ.

ನಾನು ಓದುವುದನ್ನು ಮುಂದುವರಿಸಿದೆ. ಹನ್ನೊಂದನೇ ಸಾಲಿಗೆ ನಾಲಿಗೆ ನಿಂತಿತು, ಲೋಟಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಅವನು ಪೇಪರ್ ತೆಗೆದುಕೊಂಡ. ಹನ್ನೆರಡನೇ ಸಾಲಿಗೆ ಬೆರಳಿಟ್ಟು ಓದಲು ಶುರು ಮಾಡಿದ. ಓದುವುದು ಈಗಲೂ ಚಿಕ್ಕಂದಿನ ಹಾಗೇ, ಪೂರ್ಣವಿರಾಮ ಕಂಡರೂ ನಿಲ್ಲಿಸುವುದಿಲ್ಲ. ಒಂದು ಪ್ಯಾರಾ ಮುಗಿಸಿ ಪೇಪರನ್ನು ನನ್ನ ಕಡೆ ಚಾಚಿದ.

"ನೀರು ಕುಡ್ದಾಯ್ತಲ್ಲ. ಓದು."

ಹನ್ನೆರಡು ವರ್ಷದ ಮೇಲೆ ಅವನು ನನಗೆ ಆಡಿದ ಮಾತು. ಬಾವಿಯ ವಿಷಯ ಬರಲಿಲ್ಲ, ಅರ್ಜಿಯ ವಿಷಯವೂ ಬರಲಿಲ್ಲ. ನಾನು ಹನ್ನೊಂದು ಸಾಲು, ಅವನು ಒಂದು ಪ್ಯಾರಾ, ಹೀಗೆ ಹೋಯಿತು. ನಡುವೆ ದೊಡ್ಡಮ್ಮ ಎರಡು ಸಲ "ನಿಧಾನ, ಬಸ್ ತಪ್ಪಲ್ಲ" ಎಂದು ಅವನನ್ನು ಗದರಿದಳು.

ಸಂಪಾದಕೀಯ ಮುಗಿದಾಗ ಗಡಿಯಾರ ನೋಡಿದೆ. ಐವತ್ತೊಂದು ನಿಮಿಷ. ಹಿಂದೆ ನಲವತ್ತೆಂಟು ಇತ್ತು. ಮೂರು ನಿಮಿಷ ಹೆಚ್ಚು. ಅದನ್ನು ತಪ್ಪಿನ ಕಾಲಮ್ಮಿಗೆ ಬರೆದುಕೊಂಡಿಲ್ಲ. ಮಾರ್ಜಿನ್ ಎಂದು ಬಿಟ್ಟಿದ್ದೇನೆ.

ನಾಳೆಯೂ ಅದೇ ಬಸ್ಸಿಗೆ ಬರುತ್ತಾನಂತೆ. ಮತ್ತೆ ಅಳೆಯುತ್ತೇನೆ.

ಇಂತು,
ಸೋಮಶೇಖರಪ್ಪ